ಕಾರಿನ ಸ್ಪೀಕರ್ ಬದಲಾಯಿಸುವ ಮೊದಲು: ದೋಷ ಹುಡುಕುವ, ಧ್ವನಿ ಸುಧಾರಿಸುವ ಕ್ರಮ

"ಕಾರಿನ ಸ್ಪೀಕರ್ ಸರಿಯಿಲ್ಲ, ಯಾವುದು ಹಾಕಿಸಲಿ?" ದಾವಣಗೆರೆ, ಹರಿಹರ, ಚಿತ್ರದುರ್ಗದ ಕಾರು ಮಾಲೀಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಾನು ಮರಳಿ ಕೇಳುವುದೂ ಪ್ರತಿ ಸಲ ಅದನ್ನೇ: ಯಾವ ಬಾಗಿಲಿನ ಸ್ಪೀಕರ್? ಎಲ್ಲ ಹಾಡಿಗೂ ಹೀಗೆಯೇ ಕೇಳುತ್ತದೆಯೇ? ಎಂಜಿನ್ ನಿಲ್ಲಿಸಿದಾಗಲೂ ಸದ್ದು ಇರುತ್ತದೆಯೇ? ಈ ಮೂರಕ್ಕೆ ಉತ್ತರ ತಿಳಿದವರು ಕಡಿಮೆ. ದೋಷ ಎಲ್ಲಿದೆ ಎಂದು ತಿಳಿಯದೆ ಹೊಸ ಸ್ಪೀಕರ್ ಹಾಕಿಸಿದರೆ ಹಣ ಹೋಗುತ್ತದೆ, ದೋಷ ಉಳಿಯುತ್ತದೆ. ವೈರ್, ಸೆಟ್ಟಿಂಗ್, ಬಾಗಿಲಿನ ತಗಡು, ಹಾಡಿನ ಫೈಲ್, ಇವುಗಳಲ್ಲಿ ಯಾವುದೋ ಒಂದು ಮಾಡಿದ ತಪ್ಪನ್ನು ಸ್ಪೀಕರ್ ತಲೆಗೆ ಕಟ್ಟುವುದೇ ಹೆಚ್ಚು.

ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಮೂರಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಇಡೀ ಕೆಲಸಕ್ಕೆ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಅದಾದ ಮೇಲೆ ಮತ್ತೆ ಕೇಳುವುದು. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಗುಣ ಕಂಡದ್ದು ಯಾವುದರಿಂದ ಎಂದು ಎಂದಿಗೂ ಗೊತ್ತಾಗುವುದಿಲ್ಲ.

ಬೇಕಾಗುವ ಸಾಮಾನು

ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್, ಎರಡು ಅಡಿ ತೆಳು ವೈರ್, ಸ್ಕ್ರೂ ಡ್ರೈವರ್, ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ, ಇನ್ಸುಲೇಷನ್ ಟೇಪ್, ಟಾರ್ಚ್. ಜೊತೆಗೆ ನಿಮ್ಮ ಕಾರಿನ ಮಾದರಿಯ ಡೋರ್ ಪ್ಯಾಡ್ ಕ್ಲಿಪ್‌ಗಳನ್ನು ಆರೇಳು ಮೊದಲೇ ತಂದಿಡಿ. ಹಳೆಯ ಕ್ಲಿಪ್ ಒಂದೆರಡಾದರೂ ಮುರಿಯುತ್ತವೆ. ಮುರಿದ ಕ್ಲಿಪ್‌ನೊಂದಿಗೆ ಪ್ಯಾಡ್ ಮುಚ್ಚಿದರೆ ಹೊಸದೊಂದು ದಡದಡ ಸದ್ದನ್ನು ನೀವೇ ತಂದುಕೊಂಡಂತೆ.

1. ಕೇಳುವ ಜಾಗ, ಕೇಳುವ ಧ್ವನಿ

ದಾವಣಗೆರೆಯ ಪಿ.ಬಿ. ರಸ್ತೆಯ ವಾಹನಗಳ ನಡುವೆ ಧ್ವನಿಯ ಪರೀಕ್ಷೆ ನಡೆಯುವುದಿಲ್ಲ. ಬೆಳಿಗ್ಗೆ ಬೇಗ ಕುಂದವಾಡ ಕೆರೆಯ ಕಡೆಯೋ ಊರ ಹೊರಗಿನ ಇನ್ನಾವುದೋ ನಿಶ್ಶಬ್ದ ಜಾಗಕ್ಕೋ ಹೋಗಿ, ಕಿಟಕಿ ಮುಚ್ಚಿ, ಎಂಜಿನ್ ಮತ್ತು ಎ.ಸಿ. ನಿಲ್ಲಿಸಿ ಕುಳಿತುಕೊಳ್ಳಿ.

ನೀವು ನೂರಾರು ಸಲ ಕೇಳಿದ, ಕಿವಿಗೆ ಪಾಠವಾಗಿರುವ ಧ್ವನಿಮುದ್ರಿಕೆಗಳನ್ನೇ ಬಳಸಿ. ನಾನು ಮೂರು ಬಗೆಯದನ್ನು ಇಟ್ಟುಕೊಳ್ಳುತ್ತೇನೆ. ಮೊದಲನೆಯದು ತಂಬೂರಿ, ತಬಲಾ ಇರುವ ವಚನ ಗಾಯನ. ತಂಬೂರಿಯ ನಾದ ಎಡೆಬಿಡದೆ ಹರಿಯುವುದರಿಂದ ಸಣ್ಣ ಕರಕರವೂ ಅದರ ಮೇಲೆ ಎದ್ದು ಕೇಳುತ್ತದೆ. ಎಡಗೈ ತಬಲಾದ ಗುಂಕಾರ ಬರೀ ತಟತಟ ಎಂದು ಕೇಳಿದರೆ ಬೇಸ್, ಅಂದರೆ ಕೆಳ ಸ್ವರಗಳ ತೂಕ, ಎಲ್ಲೋ ಸೋರುತ್ತಿದೆ. ಎರಡನೆಯದು ಡೊಳ್ಳು ಕುಣಿತ. ಬಾಗಿಲಿನ ಯಾವ ಭಾಗ ಅದುರುತ್ತದೆ ಎಂದು ಹೇಳಲು ಡೊಳ್ಳಿಗಿಂತ ಒಳ್ಳೆಯ ಪರೀಕ್ಷಕ ಇಲ್ಲ. ಮೂರನೆಯದು ವಾರ್ತೆ ಓದುವ ಸ್ವರ. ಮನುಷ್ಯರ ಮಾತು ಹೇಗಿರಬೇಕೆಂದು ನಮ್ಮೆಲ್ಲರ ಕಿವಿಗೂ ಗೊತ್ತು. ಮೂಗಿನಲ್ಲಿ ಮಾತನಾಡಿದಂತೆಯೋ ಡಬ್ಬಿಯೊಳಗಿಂದ ಬಂದಂತೆಯೋ ಕೇಳಿದರೆ ತಕ್ಷಣ ತಿಳಿಯುತ್ತದೆ.

ಈಗ ಒಂದೇ ಹಾಡನ್ನು ಪೆನ್‌ಡ್ರೈವ್‌ನಿಂದ ಒಮ್ಮೆ, ಬ್ಲೂಟೂತ್‌ನಿಂದ ಒಮ್ಮೆ ಕೇಳಿ. ಬಳಿಕ ರೇಡಿಯೊ ಹಾಕಿ. ಮೂರರಲ್ಲೂ ಅದೇ ದೋಷ ಇದ್ದರೆ ಮಾತ್ರ ಸ್ಪೀಕರ್ ಅಥವಾ ವೈರ್ ಕಡೆ ನೋಡಬೇಕು. ಒಂದರಲ್ಲಿ ಮಾತ್ರ ಇದ್ದರೆ ಸ್ಪೀಕರ್ ನಿರಪರಾಧಿ. ಚಿತ್ರದುರ್ಗ ಆಕಾಶವಾಣಿ ಕೇಳುತ್ತಾ ಹೋಗುವಾಗ ಗುಡ್ಡದ ಮರೆಯಲ್ಲಿ ಬರುವ ಸೊರಸೊರ ಸದ್ದು ಸಿಗ್ನಲ್‌ನದು. ಊರೊಳಗೂ ಅದು ಇದ್ದರೆ ಆಂಟೆನಾದ ಬುಡದ ಜೋಡಣೆ ಸಡಿಲವಾಗಿದೆಯೇ ನೋಡಿ.

ಪೆನ್‌ಡ್ರೈವ್‌ನ ಹಾಡುಗಳ ಬಗ್ಗೆ ಒಂದು ಮಾತು. ಎಂಪಿ3 ಫೈಲ್ ಎಷ್ಟು ಹಿಂಡಲ್ಪಟ್ಟಿದೆ ಎಂಬುದನ್ನು ಕೆಬಿಪಿಎಸ್ ಎಂಬ ಅಂಕಿ ಹೇಳುತ್ತದೆ. 320 ಇದ್ದರೆ ಚೆನ್ನ, 128ಕ್ಕಿಂತ ಕೆಳಗಿದ್ದರೆ ತಾಳದ ಝಣತ್ಕಾರ ನೀರಿನಲ್ಲಿ ಅಲುಗಿದಂತೆ ಕೇಳುತ್ತದೆ. ವಿಡಿಯೊದಿಂದ ಎಂಪಿ3 ಮಾಡಿ, ಅದನ್ನು ಇನ್ನೊಬ್ಬರು ಮತ್ತೆ ಕುಗ್ಗಿಸಿ, ಕೈಯಿಂದ ಕೈಗೆ ದಾಟಿಬಂದ ಫೈಲ್‌ಗಳು ಯಾವ ಸ್ಪೀಕರ್‌ನಲ್ಲೂ ಚೆನ್ನಾಗಿ ಕೇಳುವುದಿಲ್ಲ. ಮೊಬೈಲ್‌ನಲ್ಲಿ ಹಾಡಿನ ಆ್ಯಪ್ ಬಳಸುವವರು ಡೇಟಾ ಉಳಿತಾಯದ ಆಯ್ಕೆಯನ್ನು ತೆಗೆದು, ಗುಣಮಟ್ಟವನ್ನು ಮೇಲಕ್ಕೆ ಇಟ್ಟುಕೊಳ್ಳಿ.

2. ಸೆಟ್ಟಿಂಗ್‌ಗಳನ್ನು ಸೊನ್ನೆಗೆ ತನ್ನಿ

ಡೆಕ್‌ನಲ್ಲಿ, ಅಂದರೆ ಡ್ಯಾಶ್‌ಬೋರ್ಡ್‌ನ ಸ್ಟೀರಿಯೊದಲ್ಲಿ, ಬೇಸ್, ಮಿಡ್, ಟ್ರೆಬಲ್ ಮೂರನ್ನೂ ಸೊನ್ನೆಗೆ ತನ್ನಿ. ಲೌಡ್‌ನೆಸ್, ಬೇಸ್ ಬೂಸ್ಟ್, ಸರೌಂಡ್ ಎಂಬುವುಗಳನ್ನು ಆಫ್ ಮಾಡಿ. ಮೊಬೈಲ್‌ನೊಳಗೂ ಈಕ್ವಲೈಜರ್, ಅಂದರೆ ಸ್ವರಗಳನ್ನು ಏರಿಳಿಸುವ ಸೆಟ್ಟಿಂಗ್, ಇರುತ್ತದೆ, ಅದನ್ನೂ ಆಫ್ ಮಾಡಿ. ಎರಡು ಕಡೆ ಬೇಸ್ ಏರಿಸಿ "ಗರ್ ಎನ್ನುತ್ತದೆ" ಎಂದು ದೂರುವವರು ಬಹಳ.

ಬ್ಲೂಟೂತ್‌ನಲ್ಲಿ ಕೇಳುವಾಗ ಮೊಬೈಲ್‌ನ ವಾಲ್ಯೂಮ್ ಪೂರ್ತಿ ಅಥವಾ ಅದರ ಹತ್ತಿರ ಇರಲಿ, ಹೆಚ್ಚು ಕಡಿಮೆ ಮಾಡುವುದನ್ನು ಡೆಕ್‌ನಲ್ಲೇ ಮಾಡಿ. ಮೊಬೈಲ್ ಅರ್ಧಕ್ಕಿದ್ದರೆ ಡೆಕ್ಕನ್ನು ಮಿತಿಮೀರಿ ಏರಿಸಬೇಕಾಗುತ್ತದೆ, ಆಗ ಹಾಡಿನ ಜೊತೆ ಹಿನ್ನೆಲೆಯ ಸೊರಸೊರವೂ ಏರುತ್ತದೆ.

ಇಷ್ಟರಿಂದಲೇ ದೂರು ನೀಗಿದರೆ ಸಂತೋಷ. ಆಮೇಲೆ ರುಚಿಗೆ ತಕ್ಕಂತೆ ಒಂದೆರಡು ಅಂಕ ಏರಿಸಿಕೊಳ್ಳಿ. ಒಂದು ಸ್ವರವನ್ನು ಏರಿಸುವುದಕ್ಕಿಂತ ಉಳಿದವನ್ನು ಇಳಿಸುವುದು ಯಾವಾಗಲೂ ಕ್ಷೇಮ.

3. ಯಾವ ಸ್ಪೀಕರ್ ಎಂದು ಪತ್ತೆ ಮಾಡಿ

ಡೆಕ್‌ನಲ್ಲಿ ಎರಡು ಆಯ್ಕೆಗಳಿರುತ್ತವೆ. ಬ್ಯಾಲೆನ್ಸ್ ಎಂದರೆ ಧ್ವನಿಯನ್ನು ಎಡಕ್ಕೆ ಬಲಕ್ಕೆ ಹಂಚುವುದು, ಫೇಡರ್ ಎಂದರೆ ಮುಂದಕ್ಕೆ ಹಿಂದಕ್ಕೆ ಹಂಚುವುದು. ಎರಡನ್ನೂ ಕೊನೆಯವರೆಗೆ ಸರಿಸಿ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಕೇಳಿ, ಪ್ರತಿಯೊಂದಕ್ಕೂ ಕಂಡದ್ದನ್ನು ಕಾಗದದ ಮೇಲೆ ಬರೆಯಿರಿ. ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದರೆ ಆಗದು, ಕಿವಿಯ ನೆನಪು ಬಹಳ ಬೇಗ ಮಾಸುತ್ತದೆ.

ಸದ್ದಿನ ಬಗೆಯೇ ಅರ್ಧ ಉತ್ತರ ಹೇಳುತ್ತದೆ. ಸಣ್ಣ ವಾಲ್ಯೂಮ್‌ನಲ್ಲೂ ಕಾಗದ ಉಜ್ಜಿದಂತೆ ಕೇಳಿದರೆ ಸ್ಪೀಕರ್‌ನೊಳಗಿನ ಸುರುಳಿ ಅಯಸ್ಕಾಂತಕ್ಕೆ ತಗುಲುತ್ತಿದೆ, ಇಲ್ಲವೇ ಕೋನ್, ಅಂದರೆ ಮುಂದಿನ ಬಟ್ಟಲಿನಂಥ ಭಾಗ, ಹರಿದಿದೆ. ಡೊಳ್ಳಿನ ಪೆಟ್ಟಿಗೆ ಮಾತ್ರ ದಡದಡ ಎಂದರೆ ಅದು ಬಾಗಿಲಿನ ತಗಡಿನದೋ ಕ್ಲಿಪ್‌ನದೋ ಸದ್ದು. ಬಾಗಿಲು ತೆರೆದು ಮುಚ್ಚುವಾಗ ಧ್ವನಿ ಹೋಗಿ ಬಂದರೆ ವೈರ್. ದೊಡ್ಡ ವಾಲ್ಯೂಮ್‌ನಲ್ಲಿ ಮಾತ್ರ, ನಾಲ್ಕೂ ಕಡೆ ಒಟ್ಟಿಗೆ ಒಡೆದಂತೆ ಕೇಳಿದರೆ ಡೆಕ್‌ನ ಶಕ್ತಿ ಮುಗಿದಿದೆ. ಪೆಟ್ಟಿಗೆಯ ಮೇಲೆ 50 ವ್ಯಾಟ್ ಗುಣಿಸು 4 ಎಂದು ಬರೆದಿದ್ದರೂ ಅದು ಕ್ಷಣಮಾತ್ರದ ಗರಿಷ್ಠ ಅಂಕಿ. ಇಂಥ ಡೆಕ್‌ಗಳು ನಿರಂತರವಾಗಿ ಶುದ್ಧವಾಗಿ ಕೊಡುವುದು ಪ್ರತಿ ಸ್ಪೀಕರ್‌ಗೆ ಸುಮಾರು 15ರಿಂದ 20 ವ್ಯಾಟ್. ಅದರಾಚೆಗೆ ಏರಿಸಿದರೆ ಅಲೆಯ ತುದಿ ಕತ್ತರಿಸಿ ಹೋಗುತ್ತದೆ. ಟ್ವೀಟರ್, ಅಂದರೆ ಮೇಲು ಸ್ವರದ ಪುಟ್ಟ ಸ್ಪೀಕರ್, ಸುಡುವುದು ಬಹುಪಾಲು ಹೀಗೆಯೇ.

ಡೋರ್ ಪ್ಯಾಡ್ ಬಿಚ್ಚುವ ಮೊದಲು ಬಾಗಿಲಿನ ಕಿಸೆ ಖಾಲಿ ಮಾಡಿ. ನಾಣ್ಯ, ಟೋಲ್ ರಸೀದಿ, ನೀರಿನ ಬಾಟಲಿ ಎಷ್ಟು ಸದ್ದು ಮಾಡುತ್ತವೆ ಎಂದು ಮಾಡಿ ನೋಡಿದರೇ ನಂಬಿಕೆ ಬರುತ್ತದೆ. ಹಿಂದಿನ ನಂಬರ್ ಪ್ಲೇಟ್ ಕೂಡ ಅದುರುತ್ತದೆ. ಡೊಳ್ಳು ನುಡಿಯುವಾಗ ಒಬ್ಬರು ಒಳಗೆ ಕುಳಿತು ಕೇಳಲಿ, ಇನ್ನೊಬ್ಬರು ಬಾಗಿಲಿನ ಒಂದೊಂದು ಭಾಗವನ್ನು ಅಂಗೈಯಿಂದ ಒತ್ತಿ ಹಿಡಿಯಲಿ. ಒತ್ತಿದಾಗ ಸದ್ದು ನಿಂತ ಜಾಗವೇ ದೋಷದ ಜಾಗ.

4. ಬಾಗಿಲು ಬಿಚ್ಚುವುದು

ಎಚ್ಚರಿಕೆ ಮೊದಲು. ಬ್ಯಾಟರಿಯ ಮೈನಸ್ ಟರ್ಮಿನಲ್ ತೆಗೆದು ಹತ್ತು ನಿಮಿಷ ಬಿಡಿ. ಹಾಗೆ ತೆಗೆದಾಗ ಕೆಲವು ಡೆಕ್‌ಗಳು ಮರಳಿ ಕೋಡ್ ಕೇಳುತ್ತವೆ, ಆದ್ದರಿಂದ ಕಾರಿನ ಕಾಗದಗಳಲ್ಲಿ ಅದು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಬಾಗಿಲಿನೊಳಗೆ ಅಥವಾ ಸೀಟಿನ ಕೆಳಗೆ ಹಳದಿ ಬಣ್ಣದ ಕಪ್ಲರ್, ಅಂದರೆ ವೈರ್‌ಗಳ ಪ್ಲಾಸ್ಟಿಕ್ ಜೋಡಣೆ, ಕಂಡರೆ ಮುಟ್ಟಬೇಡಿ. ಅದು ಸಾಮಾನ್ಯವಾಗಿ ಏರ್‌ಬ್ಯಾಗ್‌ನದು. ಪಕ್ಕದ ಏರ್‌ಬ್ಯಾಗ್ ಇರುವ ಕೆಲವು ಕಾರುಗಳಲ್ಲಿ ಬಾಗಿಲಿನೊಳಗಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅಂಥ ಕಾರಿನಲ್ಲಿ ಬಾಗಿಲಿನ ರಂಧ್ರ ಮುಚ್ಚುವ, ಕೊರೆಯುವ ಕೆಲಸವನ್ನು ಸರ್ವಿಸ್ ಸೆಂಟರ್‌ನಲ್ಲಿ ಕೇಳದೆ ಮಾಡಬೇಡಿ. ವಾರಂಟಿ ಇರುವ ಕಾರಿನ ವೈರ್ ಕತ್ತರಿಸುವುದೂ ಬೇಡ. ನಿಮ್ಮ ಮಾದರಿಗೆ ಕೂರುವ ಕಪ್ಲರ್ ಸಿಗುತ್ತದೆ, ಅದನ್ನೇ ಕೇಳಿ ತನ್ನಿ.

ಹಿಡಿಕೆಯ ಹಿಂದೆ, ಆರ್ಮ್‌ರೆಸ್ಟ್ ಕೆಳಗೆ, ಸಣ್ಣ ಮುಚ್ಚಳಗಳ ಒಳಗೆ ಅಡಗಿರುವ ಸ್ಕ್ರೂಗಳನ್ನೆಲ್ಲ ಮೊದಲು ತೆಗೆಯಿರಿ. ಪ್ಲಾಸ್ಟಿಕ್ ಪಟ್ಟಿಯನ್ನು ಕೆಳ ಅಂಚಿನಿಂದ ತೂರಿಸಿ ಒಂದೊಂದೇ ಕ್ಲಿಪ್ ಬಿಡಿಸಿ. ಬಲವಾಗಿ ಎಳೆಯಬೇಕಾಗಿ ಬಂದರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ ಎಂದು ಅರ್ಥ, ನಿಲ್ಲಿಸಿ ಹುಡುಕಿ.

ಪ್ಯಾಡ್ ತೆಗೆದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಕಾಣುತ್ತದೆ. ಹಿಂದೆ ಯಾರಾದರೂ ಕೆಲಸ ಮಾಡಿದ್ದರೆ ಅದು ಹರಿದೋ ಮಡಿಚಿಯೋ ಇರುತ್ತದೆ. ಕಿಟಕಿಯ ಗಾಜಿನಿಂದ ಇಳಿಯುವ ಮಳೆನೀರು ಕಾರಿನೊಳಗೆ ಬಾರದಂತೆ ತಡೆಯುವುದು ಆ ಹಾಳೆಯೇ. ಅದನ್ನು ನಾಜೂಕಾಗಿ ಬಿಡಿಸಿ, ಮುಚ್ಚುವಾಗ ಅಂಟು ಸರಿಯಾಗಿ ಕೂರಿಸಿ. ಬಾಗಿಲಿನ ತಳದಲ್ಲಿ ನೀರು ಹೊರಹೋಗುವ ಸಣ್ಣ ರಂಧ್ರಗಳಿವೆ. ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿ ರಸ್ತೆಗಳಲ್ಲಿ ಓಡುವ ಕಾರುಗಳಲ್ಲಿ ಇವು ದೂಳು ಮೆತ್ತಿ ಮುಚ್ಚಿಹೋಗುತ್ತವೆ, ಮೊದಲ ಮಳೆಗೇ ನೀರು ಒಳಗೆ ನಿಂತು ಸ್ಪೀಕರ್ ತೇವಗೊಳ್ಳುತ್ತದೆ. ಒಂದು ಕಡ್ಡಿಯಿಂದ ಬಿಡಿಸಿ.

ಸ್ಪೀಕರ್‌ನ ಅಂಚನ್ನೂ ಟಾರ್ಚ್ ಹಿಡಿದು ನೋಡಿ. ಕೋನ್ ಸುತ್ತಲಿನ ಮೆತ್ತನೆಯ ಉಂಗುರ ಫೋಮ್‌ನದಾದರೆ ನಮ್ಮ ಬೇಸಿಗೆಗೆ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಹಿಂದಿನ ಗಾಜಿನ ಕೆಳಗಿನ ಟ್ರೇಯಲ್ಲಿರುವ ಸ್ಪೀಕರ್‌ಗಳಿಗಂತೂ ಬಿಸಿಲು ನೇರವಾಗಿ ಬೀಳುತ್ತದೆ. ಉಂಗುರ ಬಿರುಕು ಬಿಟ್ಟಿದ್ದರೆ ಆ ಸ್ಪೀಕರ್ ಬದಲಾಯಿಸಬೇಕು, ಅನುಮಾನ ಬೇಡ.

5. ಅಳತೆ ಮತ್ತು ಪೊಲಾರಿಟಿ

ಸ್ಪೀಕರ್‌ನ ಕಪ್ಲರ್ ಬಿಚ್ಚಿ. ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು ಎರಡು ಕಡ್ಡಿಗಳನ್ನೂ ಒಂದಕ್ಕೊಂದು ತಾಗಿಸಿ, ಬಂದ ಅಂಕಿಯನ್ನು ಕೊನೆಗೆ ಕಳೆಯಲು ಗುರುತಿಟ್ಟುಕೊಳ್ಳಿ. ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. 4 ಓಮ್ ಎಂದು ಬರೆದಿರುವ ಸ್ಪೀಕರ್ ಮೀಟರ್‌ನಲ್ಲಿ 3ರಿಂದ 4ರ ನಡುವೆ ತೋರಿಸುತ್ತದೆ, ಅದು ಸರಿಯಾದದ್ದೇ. ಏನೂ ತೋರಿಸದಿದ್ದರೆ ಸುರುಳಿ ತುಂಡಾಗಿದೆ. ಸೊನ್ನೆಯ ಹತ್ತಿರ ತೋರಿಸಿದರೆ ಒಳಗೇ ಶಾರ್ಟ್ ಆಗಿದೆ, ಅದನ್ನು ಡೆಕ್‌ಗೆ ಮತ್ತೆ ಜೋಡಿಸಬೇಡಿ.

ಸ್ಪೀಕರ್ ಸರಿಯಿದ್ದೂ ಧ್ವನಿ ಬಾರದಿದ್ದರೆ ಬಾಗಿಲು ಮತ್ತು ಅದರ ಕೀಲು ಕೂರುವ ಕಂಬದ ನಡುವಿನ ಸುಕ್ಕುಗಟ್ಟಿದ ರಬ್ಬರ್ ಕೊಳವೆಯನ್ನು ನೋಡಿ. ಬಾಗಿಲು ತೆರೆದಾಗಲೆಲ್ಲ ಅದರೊಳಗಿನ ವೈರ್ ಬಾಗುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಸರಿಯಿದ್ದು ಒಳಗಿನ ತಾಮ್ರ ತುಂಡಾಗಿರುತ್ತದೆ. ದಿನಕ್ಕೆ ಹತ್ತಾರು ಸಲ ತೆರೆಯುವ ಚಾಲಕನ ಬಾಗಿಲಿನಲ್ಲಿ ಇದು ಹೆಚ್ಚು.

ಇನ್ನು ಪೊಲಾರಿಟಿ. ಸ್ಪೀಕರ್‌ಗೆ ಪ್ಲಸ್, ಮೈನಸ್ ಎಂಬ ಎರಡು ತುದಿಗಳಿವೆ. ನಾಲ್ಕರಲ್ಲಿ ಒಂದಕ್ಕೆ ಇವು ಅದಲು ಬದಲಾದರೆ ಆ ಕೋನ್ ಉಳಿದವು ಮುಂದೆ ಬರುವಾಗ ಹಿಂದೆ ಹೋಗುತ್ತದೆ. ಒಂದು ಗಾಳಿಯನ್ನು ತಳ್ಳಿದರೆ ಇನ್ನೊಂದು ಎಳೆಯುತ್ತದೆ, ಬೇಸ್ ನಡುವೆಯೇ ಕರಗಿಹೋಗುತ್ತದೆ. ಇದು ಕಿವಿಗೆ ದೋಷವೆಂದು ಅನ್ನಿಸುವುದಿಲ್ಲ, "ಬೇಸ್ ಸಾಲದು" ಎಂದಷ್ಟೇ ಅನ್ನಿಸುತ್ತದೆ. ಹೊನ್ನಾಳಿಯ ಪರಿಚಿತರೊಬ್ಬರು ಬೇಸ್ ಇಲ್ಲವೆಂದು ಅಂಗಡಿಯವರ ಮಾತು ಕೇಳಿ ಡಿಕ್ಕಿ ತುಂಬುವ ವೂಫರ್, ಅಂದರೆ ಕೆಳ ಸ್ವರಗಳ ದೊಡ್ಡ ಸ್ಪೀಕರ್, ಹಾಕಿಸಿಕೊಂಡಿದ್ದರು. ಅವರ ಎಡ ಬಾಗಿಲಿನ ಎರಡು ವೈರ್ ಅದಲು ಬದಲು ಮಾಡಿದಾಗ ಕಾಣೆಯಾಗಿದ್ದ ಬೇಸ್ ತಾನಾಗಿ ಬಂದಿತು. ಅವರ ಖರ್ಚು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಪರೀಕ್ಷೆ ಸುಲಭ. ಫೇಡರ್ ಪೂರ್ತಿ ಮುಂದಕ್ಕೆ, ಬ್ಯಾಲೆನ್ಸ್ ನಡುವೆ ಇಡಿ. ಗಾಯಕರ ಸ್ವರ ಡ್ಯಾಶ್‌ಬೋರ್ಡ್‌ನ ಮೇಲೆ ಒಂದೆಡೆ ನಿಂತಂತೆ ಕೇಳಬೇಕು. ಎಲ್ಲೆಲ್ಲೋ ಚದುರಿದಂತೆ ಕೇಳಿ, ಬ್ಯಾಲೆನ್ಸನ್ನು ಒಂದು ಕಡೆಗೆ ಸರಿಸಿದಾಗ ಬೇಸ್ ಹೆಚ್ಚಾದರೆ ಪೊಲಾರಿಟಿ ತಪ್ಪಿದೆ. ಖಚಿತಪಡಿಸಿಕೊಳ್ಳಲು ಡೆಕ್‌ನಿಂದ ಬೇರ್ಪಡಿಸಿದ ಸ್ಪೀಕರ್‌ಗೆ 1.5 ವೋಲ್ಟ್ ಸೆಲ್‌ನ ಪ್ಲಸ್ಸನ್ನು ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ತಾಗಿಸಿ. ಕೋನ್ ಹೊರಕ್ಕೆ ಬರಬೇಕು. ಟ್ವೀಟರ್‌ಗೆ ಈ ಪರೀಕ್ಷೆ ಮಾಡಬೇಡಿ, ಸುಡಬಹುದು.

ಹೊರಗಿನಿಂದ ತಂದು ಹಾಕಿದ ಡೆಕ್‌ಗಳಲ್ಲಿ ವೈರ್ ಬಣ್ಣಗಳಿಗೆ ರೂಢಿಯೊಂದಿದೆ: ಮುಂದಿನ ಎಡಕ್ಕೆ ಬಿಳಿ, ಮುಂದಿನ ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಹಿಂದಿನ ಬಲಕ್ಕೆ ನೇರಳೆ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ಮೈನಸ್. ಹಳದಿ ಬ್ಯಾಟರಿಯಿಂದ ಸದಾ ಬರುವ ವಿದ್ಯುತ್ತು, ಕೆಂಪು ಕೀಲಿ ತಿರುಗಿಸಿದಾಗ ಬರುವುದು, ಬರೀ ಕಪ್ಪು ಅರ್ಥ್, ಅಂದರೆ ಕಾರಿನ ತಗಡಿಗೆ ಜೋಡಿಸುವ ವೈರ್. ಸ್ಪೀಕರ್‌ನ ಮೈನಸ್ ವೈರನ್ನು ಕಾರಿನ ತಗಡಿಗೆ ಎಂದೂ ಜೋಡಿಸಬೇಡಿ. ಈಗಿನ ಡೆಕ್‌ಗಳಲ್ಲಿ ಹಾಗೆ ಮಾಡಿದರೆ ಒಳಗಿನ ಐ.ಸಿ., ಅಂದರೆ ಧ್ವನಿಗೆ ಶಕ್ತಿ ಕೊಡುವ ಚಿಪ್, ಸುಟ್ಟುಹೋಗಬಹುದು.

6. ಎಂಜಿನ್ ಜೊತೆ ಏರಿಳಿಯುವ ಸಿಳ್ಳೆ

ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರ್‌ನಲ್ಲಿ ಸಿಳ್ಳೆ ಏರಿದರೆ ಅದು ಆಲ್ಟರ್ನೇಟರ್‌ನ ಸದ್ದು. ಆಲ್ಟರ್ನೇಟರ್ ಎಂದರೆ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ. ಮೊದಲು ಮೊಬೈಲ್ ಚಾರ್ಜರ್ ಕಿತ್ತು ನೋಡಿ. ಚಾರ್ಜರ್‌ಗೂ ಮೊಬೈಲನ್ನು ಡೆಕ್‌ಗೆ ಜೋಡಿಸುವ ಆಕ್ಸ್ ವೈರ್‌ಗೂ ಒಂದೇ ಮೊಬೈಲ್ ಸಿಕ್ಕಿಸಿದಾಗ ಎರಡು ದಾರಿಯಲ್ಲಿ ಅರ್ಥ್ ಸಿಕ್ಕಿ ಈ ಸಿಳ್ಳೆ ಹುಟ್ಟುತ್ತದೆ. ಹೋಗದಿದ್ದರೆ ಡೆಕ್‌ನ, ಹಾಗೂ ಆಂಪ್ಲಿಫೈಯರ್ (ಧ್ವನಿಯ ಶಕ್ತಿ ಹೆಚ್ಚಿಸುವ ಪ್ರತ್ಯೇಕ ಯಂತ್ರ) ಇದ್ದರೆ ಅದರ ಅರ್ಥ್ ನೋಡಿ. ಪೇಂಟ್ ಮೇಲೆ ಸ್ಕ್ರೂ ಬಿಗಿದರೆ ಅದು ಅರ್ಥ್ ಅಲ್ಲ. ತಗಡು ಹೊಳೆಯುವವರೆಗೆ ಉಜ್ಜಿ ಬಿಗಿಯಬೇಕು. ಆಂಪ್ಲಿಫೈಯರ್‌ಗೆ ಬರುವ ಧ್ವನಿಯ ಕೇಬಲ್ ಮತ್ತು ಬ್ಯಾಟರಿಯ ಕೇಬಲ್ ಕಾರಿನ ಬೇರೆ ಬೇರೆ ಪಕ್ಕದಲ್ಲಿ ಹಾದುಹೋಗಬೇಕು.

ಬ್ಯಾಟರಿಯ ವೋಲ್ಟೇಜನ್ನೂ ಅಳೆಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6ರ ಹತ್ತಿರ, ಎಂಜಿನ್ ಓಡುವಾಗ 14ರ ಆಸುಪಾಸು ಇದ್ದರೆ ಸರಿ.

7. ಬಾಗಿಲೇ ಸ್ಪೀಕರ್‌ನ ಪೆಟ್ಟಿಗೆ

ದೋಷ ಹುಡುಕುವ ಕೆಲಸ ಇಲ್ಲಿಗೆ ಮುಗಿಯಿತು. ಸುಧಾರಣೆಯ ಮೊದಲ ಹಣವನ್ನು ಬಾಗಿಲಿಗೇ ಹಾಕಿ ಎಂದು ನಾನು ಒತ್ತಿ ಹೇಳುತ್ತೇನೆ. ಮನೆಯ ಸ್ಪೀಕರ್‌ಗೆ ಮರದ ಪೆಟ್ಟಿಗೆ ಇರುತ್ತದೆ. ಕಾರಿನಲ್ಲಿ ಆ ಪೆಟ್ಟಿಗೆಯ ಕೆಲಸ ಮಾಡಬೇಕಾದದ್ದು ತೆಳು ತಗಡಿನ, ತುಂಬಾ ತೂತುಗಳ ಬಾಗಿಲು. ಕೋನ್ ಮುಂದಕ್ಕೆ ಎಬ್ಬಿಸುವ ಅಲೆಯಷ್ಟೇ ದೊಡ್ಡ ಅಲೆ ಹಿಂದಕ್ಕೂ ಏಳುತ್ತದೆ. ಹಿಂದಿನದು ತೂತುಗಳಿಂದ ಮುಂದಕ್ಕೆ ಸೋರಿ ಬಂದರೆ ಮುಂದಿನ ಬೇಸನ್ನು ನುಂಗುತ್ತದೆ.

ಆದ್ದರಿಂದ ಮೊದಲು ಸ್ಪೀಕರ್‌ನ ಅಂಚು ಮತ್ತು ತಗಡಿನ ನಡುವೆ ಫೋಮ್ ಪಟ್ಟಿ ಅಂಟಿಸಿ ಸಂದು ಮುಚ್ಚಿ. ಸ್ಪೀಕರ್ ಕೂರಿಸುವ ಉಂಗುರ ಗಟ್ಟಿ ಪ್ಲಾಸ್ಟಿಕ್‌ನದಿರಲಿ. ಎಂ.ಡಿ.ಎಫ್., ಅಂದರೆ ಮರದ ನಾರು ಒತ್ತಿ ಮಾಡಿದ, ಹಲಗೆಯದು ಒಂದೆರಡು ಮಳೆಗಾಲದಲ್ಲಿ ಉಬ್ಬಿ ಉದುರುತ್ತದೆ. ಬಳಿಕ ಡ್ಯಾಂಪಿಂಗ್ ಶೀಟ್, ಅಂದರೆ ತಗಡಿನ ಅದುರುವಿಕೆಯನ್ನು ಹೀರುವ ಅಂಟುಹಾಳೆ. ಹೊರ ತಗಡಿನ ಒಳಮೈಗೆ, ಸ್ಪೀಕರ್‌ನ ಹಿಂಬದಿಗೆ ಮೊದಲು ಅಂಟಿಸಿ. ತಗಡಿನ ಎಲ್ಲ ಕಡೆ ಮೆತ್ತಬೇಕಿಲ್ಲ, ಬೆರಳಿನಿಂದ ತಟ್ಟಿದಾಗ ಡಬ್ಬಿಯಂತೆ ನುಡಿಯುವ ಜಾಗಕ್ಕೆ ಹಾಕಿದರೆ ಸಾಕು. ಈ ಹಾಳೆಗಳಲ್ಲಿ ಬ್ಯೂಟೈಲ್ ರಬ್ಬರ್‌ನದನ್ನೇ ಕೇಳಿ ತನ್ನಿ. ಅಗ್ಗದ ಡಾಂಬರಿನ ಹಾಳೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮೆದುವಾಗಿ ಜಾರುತ್ತದೆ, ವಾಸನೆಯೂ ಬರುತ್ತದೆ. ತಳದ ನೀರಿನ ರಂಧ್ರ ಮುಚ್ಚಬಾರದು, ಗಾಜು ಇಳಿಯುವ ದಾರಿಗೆ, ಲಾಕ್‌ನ ಸರಳಿಗೆ ಹಾಳೆ ತಾಗಬಾರದು. ಪ್ಯಾಡ್ ಮುಚ್ಚುವ ಮೊದಲು ಬ್ಯಾಟರಿ ಜೋಡಿಸಿ, ಗಾಜು ಪೂರ್ತಿ ಇಳಿಸಿ ಏರಿಸಿ, ಲಾಕ್ ಹಾಕಿ ತೆಗೆದು ನೋಡಿ.

ಇದರಿಂದ ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆ ಹೋಗುವಾಗಿನ ಹೊರಗಿನ ಸದ್ದೂ ತಗ್ಗುತ್ತದೆ, ವಾಲ್ಯೂಮ್ ಅಷ್ಟು ಏರಿಸಬೇಕಾಗುವುದಿಲ್ಲ.

8. ಹೊಸ ಸ್ಪೀಕರ್, ಆಂಪ್ಲಿಫೈಯರ್

ಇಷ್ಟಾದ ಮೇಲೂ ತೃಪ್ತಿಯಿಲ್ಲದಿದ್ದರೆ ಮುಂದಿನ ಎರಡು ಸ್ಪೀಕರ್‌ಗಳನ್ನು ಮಾತ್ರ ಬದಲಾಯಿಸಿ. ಹಾಡು ಕೇಳಬೇಕಾದದ್ದು ಎದುರಿನಿಂದ. ಪೆಟ್ಟಿಗೆಯ ಮೇಲಿನ ದೊಡ್ಡ ವ್ಯಾಟ್ ಅಂಕಿಗೆ ಮರುಳಾಗದೆ ಆರ್.ಎಂ.ಎಸ್. ಎಂಬ ಅಂಕಿ ನೋಡಿ, ಅದು ನಿರಂತರ ಶಕ್ತಿಯದು. ಇನ್ನೊಂದು ಸೆನ್ಸಿಟಿವಿಟಿ, ಅಂದರೆ ಕೊಟ್ಟ ಶಕ್ತಿಗೆ ಎಷ್ಟು ಸದ್ದು ಮಾಡುತ್ತದೆ ಎಂಬುದು. ಇದರಲ್ಲಿ 3 ಡೆಸಿಬೆಲ್ ಹೆಚ್ಚಿರುವ ಸ್ಪೀಕರ್ ಅರ್ಧ ಶಕ್ತಿಯಲ್ಲೇ ಅಷ್ಟೇ ಸದ್ದು ಕೊಡುತ್ತದೆ. ಡೆಕ್‌ನಿಂದಲೇ ನುಡಿಸುವವರು 90 ಡೆಸಿಬೆಲ್‌ಗಿಂತ ಮೇಲಿನದನ್ನು ಆರಿಸಿಕೊಳ್ಳಿ. ಅಯಸ್ಕಾಂತದ ಆಳವನ್ನೂ ಅಳೆಯಿರಿ, ಕೆಳಗಿಳಿಸಿದ ಗಾಜು ಅದಕ್ಕೆ ಬಡಿಯಬಾರದು.

ಆಂಪ್ಲಿಫೈಯರ್ ಹಾಕಿಸುವುದಾದರೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಇದು ಬೆಂಕಿಯ ವಿಷಯ, ರಾಜಿ ಬೇಡ. ಅದರ ಗೇನ್ ಎಂಬ ತಿರುಪು ವಾಲ್ಯೂಮ್ ಅಲ್ಲ. ಡೆಕ್ಕನ್ನು ಮುಕ್ಕಾಲಿಗೆ ಇಟ್ಟು, ಗೇನನ್ನು ಕೆಳಗಿನಿಂದ ಮೆಲ್ಲಗೆ ಏರಿಸುತ್ತಾ ಹೋಗಿ, ಸ್ವರ ಒಡೆಯಲು ಶುರುವಾದ ಜಾಗದಿಂದ ಸ್ವಲ್ಪ ಹಿಂದಕ್ಕೆ ತನ್ನಿ. ಬಾಗಿಲಿನ ಸ್ಪೀಕರ್‌ಗಳಿಗೆ 80 ಹರ್ಟ್ಜ್‌ನ ಹೈಪಾಸ್ ಹಾಕಿ. ಅದಕ್ಕಿಂತ ಕೆಳಗಿನ ಸ್ವರಗಳು ಅವುಗಳಿಗೆ ಹೋಗದಂತೆ ತಡೆಯುವ ಸೋಸುಕ ಅದು. ವೂಫರ್ ಇದ್ದರೆ ಆ ಕೆಳ ಸ್ವರಗಳನ್ನು ಅದಕ್ಕೆ ಬಿಡಿ. ವೂಫರ್ ಇರುವವರಲ್ಲಿ ಒಂದು ಕೋರಿಕೆ: ನಮ್ಮ ಊರಿನ ಆಸ್ಪತ್ರೆಗಳ ಬೀದಿಯಲ್ಲಿ ಅದನ್ನು ಆರಿಸಿ. ಗಾಜು ಮುಚ್ಚಿದ್ದರೂ ಬೇಸ್ ಹೊರಗೆ ಹೋಗುತ್ತದೆ, ರಾತ್ರಿ ಹತ್ತರ ನಂತರವಂತೂ ಮಲಗಿದ ರೋಗಿಗೆ ಅದು ಎದೆಗೆ ಬಡಿದಂತೆ ಕೇಳುತ್ತದೆ.

ಕೆಲಸವನ್ನು ಅಂಗಡಿಗೆ ಕೊಡುವುದಾದರೆ ಮೂರನೇ ಹಂತದಲ್ಲಿ ಬರೆದ ಕಾಗದವನ್ನು ಕೈಯಲ್ಲಿ ಹಿಡಿದು ಹೋಗಿ. "ಸೌಂಡ್ ಚೆನ್ನಾಗಿಲ್ಲ" ಎನ್ನುವ ಬದಲು "ಹಿಂದಿನ ಬಲ ಬಾಗಿಲು, ಡೊಳ್ಳಿಗೆ ಮಾತ್ರ ಅದುರುತ್ತದೆ, ಮೀಟರ್‌ನಲ್ಲಿ 3.6 ಓಮ್ ಇದೆ" ಎಂದು ಹೇಳಿ. ವೈರ್‌ಗಳನ್ನು ಬರೀ ತಿರುಚಿ ಟೇಪ್ ಸುತ್ತಲು ಬಿಡಬೇಡಿ, ಬೆಸುಗೆ ಹಾಕಿಸಿ ಇಲ್ಲವೇ ಕಪ್ಲರ್ ಹಾಕಿಸಿ. ಹೊರಡುವ ಮೊದಲು ನಿಮ್ಮ ಮೂರು ಧ್ವನಿಗಳನ್ನೂ ಅಲ್ಲಿಯೇ ಕೇಳಿ ನೋಡಿ. ಬಿಚ್ಚಿದ ಕಂಪನಿ ಸ್ಪೀಕರ್‌ಗಳನ್ನು ಕೇಳಿ ಪಡೆದು ಮನೆಗೆ ತನ್ನಿ, ಕಾರು ಮಾರುವ ದಿನ ಬೇಕಾಗುತ್ತವೆ.